ಅಂಗೈ ಲೆಕ್ಕ

ಸುಟ್ಟ ಗಾಯಕ್ಕೆ ಔಷಧಿ ಕೇಳಿಕೊಂಡು ಬಂದವರಿಗೆ ಗೋಪಾಲಮ್ಮ ಎರಡೇ ಪ್ರಶ್ನೆ ಹಾಕುತ್ತಿದ್ದಳು. ಎಲ್ಲಿ ಸುಟ್ಟಿದೆ, ಎಷ್ಟು ಸುಟ್ಟಿದೆ. ಎಷ್ಟು ಎನ್ನುವುದಕ್ಕೆ ಅಂಗೈ ಲೆಕ್ಕ. ಸುಟ್ಟುಕೊಂಡವರ ಅಂಗೈಯೇ ಅಳತೆ. ಅರ್ಧ ಅಂಗೈ, ಒಂದು ಅಂಗೈ, ಎರಡು ಅಂಗೈ. ಅದಕ್ಕೆ ತಕ್ಕಷ್ಟು ಎಣ್ಣೆ, ಹಚ್ಚುವುದಕ್ಕೆ ತಕ್ಕ ಕೋಳಿಪುಕ್ಕ. ಹೇಗೆ ಸುಟ್ಟಿತು ಎಂದು ಮಾತ್ರ ಕೇಳುವ ಹಾಗಿರಲಿಲ್ಲ. ಅದು ಅವಳ ಅತ್ತೆ ಮುನಿಕೆಂಪಮ್ಮ ಹಾಕಿಕೊಟ್ಟ ಕಟ್ಟು. ಕೇಳಿದರೆ ಎಣ್ಣೆ ಒಡೆಯುತ್ತದೆ, ಒಡೆದ ಎಣ್ಣೆ ಹಚ್ಚಿದರೆ ಗಾಯ ಕೀವು ತುಂಬುತ್ತದೆ ಎಂದು ಮುನಿಕೆಂಪಮ್ಮ ಹೇಳಿದ್ದಳು. ಹೇಳಿದವಳು ಸತ್ತು ಎಷ್ಟೋ ಕಾಲವಾಗಿತ್ತು. ಮಾತು ಉಳಿದಿತ್ತು.

ಎಣ್ಣೆ ಮಾಡುವುದರಲ್ಲಿ ದೊಡ್ಡ ಗುಟ್ಟೇನೂ ಇರಲಿಲ್ಲ. ಸುಣ್ಣದ ಕಲ್ಲನ್ನು ಮಡಕೆಯಲ್ಲಿ ನೀರು ಹಾಕಿ ಅರಳಿಸಿ, ಮಾರನೆಯ ದಿನ ಮೇಲಿನ ತಿಳಿಯನ್ನಷ್ಟೇ ಹಳೆಯ ಪಂಚೆಯಲ್ಲಿ ಸೋಸಿಕೊಳ್ಳಬೇಕು. ಅದಕ್ಕೆ ಕೊಬ್ಬರಿ ಎಣ್ಣೆ ಸುರಿದು, ಕಡಗೋಲನ್ನು ಎರಡು ಅಂಗೈಗಳ ನಡುವೆ ಹೊಸೆಯುತ್ತ ಹೋದರೆ ಎಣ್ಣೆ ಮತ್ತು ತಿಳಿ ಸೇರಿಕೊಂಡು ಬೆಣ್ಣೆಯ ಹಾಗೆ ಬೆಳ್ಳಗಾಗುತ್ತದೆ. ಕೊನೆಯಲ್ಲಿ ಗರಿಕೆ ರಸ, ಲೋಳೆಸರದ ಲೋಳೆ. ಹಿಂದೆ ಅಲ್ಲಾಳಸಂದ್ರದ ಕೆರೆಯ ಕಪ್ಪೆಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು. ಈಗ ಕೆರೆಗೆ ಬೇಲಿ ಬಿದ್ದಿತ್ತು. ಚಿಪ್ಪು ಆಯಲು ಹೋದರೆ ವಾಕಿಂಗ್ ಮಾಡುವವರು ನಿಂತು ನೋಡುತ್ತಿದ್ದರು, ವಾಚ್‌ಮನ್ ಸೀಟಿ ಊದುತ್ತಿದ್ದ. ಹಾಗಾಗಿ ಅಂಗಡಿ ಸುಣ್ಣ. ಲೋಳೆಸರವನ್ನು ಶೀಟಿನ ಮನೆಯ ಮುಂದೆ ಒಡೆದ ಪೇಂಟ್ ಬಕೆಟ್‌ಗಳಲ್ಲಿ ಬೆಳೆಸಿದ್ದಳು.

ಔಷಧಿಗೆ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಒಂದು ತೆಂಗಿನಕಾಯಿ ತಂದಿಟ್ಟರೆ ಆಯಿತು, ತರದಿದ್ದರೂ ನಡೆಯುತ್ತಿತ್ತು. ಹೋಟೆಲಿನ ಅಡಿಗೆಯವರು, ಬೋಂಡ ಗಾಡಿಯವರು, ಅಪಾರ್ಟ್‌ಮೆಂಟ್‌ಗಳಲ್ಲಿ ಅಡಿಗೆ ಮಾಡುವ ಹೆಂಗಸರು, ಗಾರ್ಮೆಂಟ್ಸ್‌ನಲ್ಲಿ ಇಸ್ತ್ರಿ ಹಾಕುವವರು ಬರುತ್ತಿದ್ದರು. ದೀಪಾವಳಿಯ ಮಾರನೆಯ ದಿನ ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದರು. ಗೋಪಾಲಮ್ಮನ ಎಣ್ಣೆ ಹಚ್ಚಿದರೆ ಕಲೆ ಉಳಿಯುವುದಿಲ್ಲ ಎಂಬ ಮಾತು ಯಲಹಂಕದವರೆಗೂ ಹೋಗಿತ್ತು. ಅದು ಸುಳ್ಳೂ ಅಲ್ಲ. ಮೇಲಿನ ಚರ್ಮ ಮಾತ್ರ ಸುಟ್ಟಿದ್ದರೆ ತಿಂಗಳೊಪ್ಪತ್ತಿನಲ್ಲಿ ಎಲ್ಲಿ ಸುಟ್ಟಿತ್ತು ಎಂದು ಹುಡುಕಬೇಕಾಗುತ್ತಿತ್ತು.

ಜನ ಬರುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆಸ್ಪತ್ರೆಗೆ ಹೋದರೆ ಹೇಗೆ ಸುಟ್ಟಿತು ಎಂದು ಕೇಳುತ್ತಾರೆ, ಬರೆದುಕೊಳ್ಳುತ್ತಾರೆ, ಪೊಲೀಸರಿಗೂ ತಿಳಿಸುತ್ತಾರೆ. ಗೋಪಾಲಮ್ಮ ಕೇಳುವುದಿಲ್ಲ.

ಅಳಿಯ ನಂದಕುಮಾರ್ ಮೊದಲ ಸಲ ಎಣ್ಣೆ ಕೇಳಿಕೊಂಡು ಬಂದದ್ದು ೨೦೧೪ರ ಮಳೆಗಾಲದಲ್ಲಿ. ರಾಜಾನುಕುಂಟೆಯವನು. ಎರಡು ನೀರಿನ ಟ್ಯಾಂಕರ್ ಇಟ್ಟುಕೊಂಡು ಯಲಹಂಕದ ಸುತ್ತಲಿನ ಅಪಾರ್ಟ್‌ಮೆಂಟ್‌ಗಳಿಗೆ ನೀರು ಹೊಡೆಯುತ್ತಿದ್ದ. ಒಳ್ಳೆಯ ಮಾತುಗಾರ. ಮಗಳು ಶಶಿರೇಖಾಳನ್ನು ಮದುವೆಯಾದ ಮೇಲೆ ಮಾವ ಬ್ಯಾಟರಾಯಪ್ಪನಿಗೂ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿ ಕೆಲಸ ಕೊಡಿಸಿದ್ದ. ಬಂದಾಗಲೆಲ್ಲ ಬರಿಗೈಯಲ್ಲಿ ಬರುತ್ತಿರಲಿಲ್ಲ. ಅವತ್ತು ಒಂದು ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಇನ್ನೊಂದು ಕೈಯಲ್ಲಿ ತೊಳೆದ ಜಾಮ್ ಬಾಟಲಿ ಹಿಡಿದುಕೊಂಡಿದ್ದ.

"ಅತ್ತೆ, ಸ್ವಲ್ಪ ನಿಮ್ ಎಣ್ಣೆ ಬೇಕಿತ್ತು."

"ಎಲ್ಲಿಗೆ?"

"ಕೈಗೆ. ಮೊಣಕೈ ಮೇಲೆ."

"ಎಷ್ಟು?"

"ಅರ್ಧ ಅಂಗೈ ಆಗ್ಬೋದು."

"ಗಂಡಸ್ರ ಅಂಗೈನಾ ಹೆಂಗಸ್ರದಾ? ಲೆಕ್ಕ ಹಿಡೀಬೇಕಲ್ಲ ಅಳಿಯಂದ್ರೇ."

ಅವನು ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತ, "ಹೆಂಗಸ್ರದು. ನಮ್ ಕಡೆಯೋರೊಬ್ರು" ಎಂದ.

ಅವಳು ತುಂಬಿಸಿ ಕೊಟ್ಟಳು. ಸಣ್ಣ ಪುಕ್ಕವೊಂದನ್ನು ಬಿಸಿನೀರಿನಲ್ಲಿ ತೊಳೆದು ಕಾಗದದಲ್ಲಿ ಸುತ್ತಿದಳು. ಅವನು ಕಾಫಿ ಕುಡಿದು ಹೋದ. ಹೋದ ಮೇಲೆ ಗೋಪಾಲಮ್ಮ ಮಗಳಿಗೆ ಫೋನ್ ಮಾಡಿದಳು. "ಚೆನ್ನಾಗಿದೀನಮ್ಮ" ಎಂದಳು ಶಶಿರೇಖಾ. ಆ ಕಡೆ ಅವಳ ಅತ್ತೆ ಸುಬ್ಬಲಕ್ಷ್ಮಮ್ಮ ಯಾರೊಂದಿಗೋ ಮಾತಾಡುವುದು ಕೇಳುತ್ತಿತ್ತು. ಮೊಮ್ಮಗಳು ಶರ್ವಾಣಿ ಅಳುತ್ತಿದ್ದಳು. "ಮಗು ಅಳ್ತಿದೆ, ಇಡ್ತೀನಿ" ಎಂದು ಇಟ್ಟಳು.

ಎರಡನೆಯ ಸಲ ಅವನು ಉಪ್ಪಿನಕಾಯಿ ಬಾಟಲಿ ತಂದ. ಬೆನ್ನು, ಒಂದೂವರೆ ಅಂಗೈ. ಹೆಂಗಸರದೇ. ಈ ಸಲ ನಮ್ಮ ಕಡೆಯವರು ಎಂದು ಕೂಡ ಅವನು ಹೇಳಲಿಲ್ಲ. ಗೋಪಾಲಮ್ಮ ಎಣ್ಣೆ ತುಂಬಿಸಿದಳು. ಬೆನ್ನಿಗೆ ಪುಕ್ಕ ಉದ್ದದ್ದು ಬೇಕು, ಬೇರೆಯವರು ಹಚ್ಚಬೇಕು. ಯಾರು ಹಚ್ಚುತ್ತಾರೆ ಎಂದು ಕೇಳಲು ಬಾಯಿ ತೆರೆದಳು. ಅದು ಹೇಗೆ ಸುಟ್ಟಿತು ಎನ್ನುವ ಪ್ರಶ್ನೆಯ ಪಕ್ಕದ್ದೇ ಪ್ರಶ್ನೆ ಅನಿಸಿತು. ಉದ್ದದ ಪುಕ್ಕವೊಂದನ್ನು ತೊಳೆದು ಸುತ್ತಿಕೊಟ್ಟಳು.

ಅವಳ ತಲೆ ಓಡುತ್ತಿದ್ದುದು ಹೀಗೆ. ಇದು ಬೇರೆ ಯಾರಿಗೋ ಆಗಿದ್ದರೆ ಕೇಳಬೇಕಾದ್ದೇ ಇಲ್ಲ. ಶಶಿಗೇ ಆಗಿದ್ದರೆ ಕೇಳಲೇಬಾರದು. ಕೇಳಿದರೆ ಕೀವಾಗುವುದು ಶಶಿಯ ಬೆನ್ನು.

ಸಂಜೆ ಗಂಡ ಡ್ಯೂಟಿ ಮುಗಿಸಿ ಬಂದು ಟೋಪಿ ಗೂಟಕ್ಕೆ ಹಾಕುವಾಗ ಹೇಳಿದಳು.

"ಅವ್ನು ಮತ್ತೆ ಬಂದಿದ್ದ. ಬೆನ್ನಿಗಂತೆ."

ಬ್ಯಾಟರಾಯಪ್ಪ ಶೂ ಬಿಚ್ಚಿದ. "ಯಾರ್ ಬೆನ್ನು?"

"ಅದ್ನ ನಾನು ಕೇಳಂಗಿಲ್ವಲ್ಲ. ನೀವು ಕೇಳ್ಬೋದು. ನೀವೇನ್ ಔಷ್ದಿ ಕೊಡೋರಲ್ಲ."

"ನಾನು ಏನಂತ ಕೇಳ್ಲಿ? ದಿನಾ ಬೆಳಗ್ಗೆ ಅವ್ನ ಟ್ಯಾಂಕರ್‌ಗೆ ಗೇಟ್ ತೆಗೆಯೋನು ನಾನು. ಗೇಟಲ್ಲಿ ನಿಲ್ಸಿ ಕೇಳ್ಲಾ, ನನ್ ಮಗ್ಳ ಬೆನ್ನು ಸುಟ್ಟಿದ್ಯಾ ಅಂತ?"

"ಕೇಳಿ. ಏನಾಗ್ತದೆ?"

"ಏನಾಗ್ತದೆ ಅಂತ ನಿಂಗೆ ಗೊತ್ತಿಲ್ವಾ? ಹೋಟ್ಲವರಿಗೆ ಇರ್ಬೋದು, ಸುಮ್ನಿರು. ಇಂಗೆಲ್ಲಾ ತಲೆ ಕೆಡಿಸ್ಕೊಂಡ್ರೆ ಬಿಪಿ ಬರ್ತದೆ."

ಅವನು ಸ್ನಾನಕ್ಕೆ ಹೋದ. ಬಹಳ ಹೊತ್ತು ನೀರು ಸುರಿದುಕೊಂಡ.

ದಸರಾ ಕಳೆದ ಮೇಲೆ ಗೋಪಾಲಮ್ಮ ರಾಗಿ ಹುರಿಹಿಟ್ಟು ಮಾಡಿಕೊಂಡು ಬಸ್ಸು ಹತ್ತಿ ರಾಜಾನುಕುಂಟೆಗೆ ಹೋದಳು. ಮೊಮ್ಮಗಳಿಗೆ ಹಿಟ್ಟು ಕೊಡುವುದು ನೆಪ. ಸುಬ್ಬಲಕ್ಷ್ಮಮ್ಮ ಹಜಾರದಲ್ಲೇ ಕೂತಿದ್ದಳು. ಬೀಗಿತ್ತಿ ಇರುವಷ್ಟು ಹೊತ್ತೂ ಎದ್ದು ಹೋಗಲಿಲ್ಲ. ಎದ್ದು ಹೋಗದೆ ಇರುವುದೇ ಉಪಚಾರ ಎನ್ನುವ ಹಾಗೆ ಎಲೆ ಅಡಿಕೆ ತಟ್ಟೆ ಮುಂದಿಟ್ಟುಕೊಂಡಳು.

"ಬೀಗ್ರು ಅಪರೂಪ ಆಗ್ಬಿಟ್ರು. ಅಲ್ಲೇನು ಎಣ್ಣೆ ಯಾಪಾರ ಜೋರಾ?"

"ಯಾಪಾರ ಎಲ್ಲೈತೆ. ಸುಮ್ನೆ ಕೊಡೋದು."

"ಸುಮ್ನೆ ಕೊಟ್ರೆ ಬೆಲೆ ಇರಲ್ಲ ನೋಡಿ ಇವ್ರೇ" ಎಂದು ಸುಬ್ಬಲಕ್ಷ್ಮಮ್ಮ ನಕ್ಕಳು.

ಶಶಿರೇಖಾ ಕಾಫಿ ತಂದಳು. ಬಿಸಿಲಿನ ದಿನ. ಅವಳು ತುಂಬು ತೋಳಿನ ರವಿಕೆ ಹಾಕಿ ಸೆರಗನ್ನು ಎರಡೂ ಭುಜದ ಮೇಲೆ ಹೊದ್ದುಕೊಂಡಿದ್ದಳು. ಲೋಟ ಕೊಡುವಾಗ ಬಗ್ಗಲಿಲ್ಲ, ಮಂಡಿಯನ್ನಷ್ಟೇ ಮಡಿಚಿದಳು. ಗೋಪಾಲಮ್ಮ ನೋಡಿದಳು. ಲೋಟ ತೊಳೆಯುವ ನೆಪದಲ್ಲಿ ಅಡಿಗೆಮನೆಗೆ ಹೋದಾಗ ಸಾಂಬಾರ ಡಬ್ಬಗಳ ಪಕ್ಕದಲ್ಲಿ ಉಪ್ಪಿನಕಾಯಿ ಬಾಟಲಿ ಕಾಣಿಸಿತು. ಅರ್ಧ ಖಾಲಿಯಾಗಿತ್ತು. ಅದರ ಮೇಲೆ ಅಡ್ಡಡ್ಡ ಇಟ್ಟಿದ್ದ ಪುಕ್ಕ ಅವಳು ತೊಳೆದು ಸುತ್ತಿಕೊಟ್ಟದ್ದೇ. ಕಿಟಕಿಯ ಬಿಸಿಲು ಬಾಟಲಿಯ ಮೇಲೆ ನೇರವಾಗಿ ಬೀಳುತ್ತಿತ್ತು.

ಶಶಿರೇಖಾ ಬಾಗಿಲಲ್ಲಿ ನಿಂತಿದ್ದಳು. ತಾಯಿ ಬಾಟಲಿ ನೋಡಿದ್ದನ್ನು ಅವಳೂ ನೋಡಿದಳು. ಹಜಾರದಲ್ಲಿ ಅಡಿಕೆ ಕತ್ತರಿಸುವ ಸದ್ದು ನಿಂತಿತು.

"ಬಿಸಿಲಿಗೆ ಇಡ್ಬೇಡ" ಎಂದಳು ಗೋಪಾಲಮ್ಮ. "ಒಡ್ದೋಗ್ತದೆ. ನೀರಿನ ಬಿಂದಿಗೆ ಪಕ್ಕ ಇಡು, ತಣ್ಣಗೆ."

ಇನ್ನೂ ಏನಾದರೂ ಬರುತ್ತದೆ ಎನ್ನುವ ಹಾಗೆ ಶಶಿರೇಖಾ ತಾಯಿಯ ಮುಖವನ್ನೇ ನೋಡಿದಳು. ಆಮೇಲೆ, "ಸರಿ" ಎಂದಳು. ಬಾಟಲಿಯನ್ನು ಎತ್ತಿ ಬಿಂದಿಗೆಯ ಪಕ್ಕ ಇಟ್ಟಳು.

ಅಡಿಕೆ ಕತ್ತರಿಸುವ ಸದ್ದು ಮತ್ತೆ ಶುರುವಾಯಿತು.

ಇದನ್ನು ಗೋಪಾಲಮ್ಮ ಹೇಳಿಕೊಂಡದ್ದು ಒಬ್ಬಳ ಹತ್ತಿರ, ತನ್ನದೇ ಬೀದಿಯ ಕೊನೆಯ ಮನೆಯ ಜೈಬುನ್ನೀಸಾ. ಅವಳು ಯಶವಂತಪುರದ ಗಾರ್ಮೆಂಟ್ಸ್‌ನಲ್ಲಿ ಇಸ್ತ್ರಿ ಮಾಡುವವಳು, ವರ್ಷದಲ್ಲಿ ನಾಲ್ಕಾರು ಸಲ ಮಣಿಕಟ್ಟು ಸುಟ್ಟುಕೊಂಡು ಬರುವವಳು. ಬಂದಾಗಲೆಲ್ಲ ತಾನಾಗಿಯೇ ಹೇಳುತ್ತಿದ್ದಳು. "ನೀನು ಕೇಳಲ್ಲ, ನಾನೇ ಹೇಳ್ತೀನಿ ಅಕ್ಕಾ. ಸೂಪರ್‌ವೈಸರ್ ಮುಖ ನೋಡ್ಕೊಂಡು ಇಸ್ತ್ರಿ ಮಾಡ್ತಿದ್ದೆ. ಅವನ ಮುಖಕ್ಕೆ ಇಡೋ ಬದ್ಲು ನನ್ ಕೈಗೆ ಇಟ್ಕೊಂಡೆ."

ಅವತ್ತು ಅವಳು ನಗಲಿಲ್ಲ. ಗೋಪಾಲಮ್ಮ ಹೇಳುವುದನ್ನು ಪೂರ್ತಿ ಕೇಳಿದಳು.

"ನೀನು ಬಾಟ್ಲಿ ನೋಡ್ದೆ, ಬಿಸಿಲಿಗೆ ಇಡ್ಬೇಡ ಅಂದೆ, ಬಂದ್ಬಿಟ್ಟೆ. ಅಷ್ಟೇನಾ?"

"ಕೇಳಿದ್ರೆ ಗಾಯ ಕೆಡ್ತದೆ ಜೈಬೂ. ನಮ್ಮತ್ತೆ ಅಂಗೇ ಹೇಳಿದ್ದು."

"ನಿಮ್ಮತ್ತೆ ಬುದ್ಧಿವಂತೆ ಬಿಡು. ಆ ಕಾಲದಲ್ಲಿ ಊರಲ್ಲಿ ಸೊಸೆ ಸುಟ್ಕೊಂಡ್ರೆ ನಿಮ್ಮತ್ತೆ ಹತ್ರಾನೇ ಬರ್ತಿದ್ರು ಅಲ್ವಾ? ಕೇಳಿದ್ರೆ ಉತ್ತರ ಬರ್ತಿತ್ತು. ಉತ್ತರ ಬಂದ್ರೆ ಏನಾದ್ರೂ ಮಾಡ್ಬೇಕಿತ್ತು. ಎಣ್ಣೆ ಒಡೀತದೆ ಅಂದ್ಬಿಟ್ರೆ ಯಾರಿಗೂ ತೊಂದ್ರೆ ಇಲ್ಲ."

"ಸತ್ತೋರ ಮೇಲೆ ಅಂಗೆಲ್ಲಾ ಮಾತಾಡ್ಬೇಡ."

"ಬದುಕಿರೋರ ಮೇಲೆ ಮಾತಾಡಕ್ಕೆ ನೀನು ಬಿಡಲ್ವಲ್ಲಕ್ಕ" ಎಂದಳು ಜೈಬುನ್ನೀಸಾ. "ನಿನ್ನ ಅಳಿಯ ಮೆಡಿಕಲ್ ಸ್ಟೋರ್‌ಗೆ ಯಾಕ್ ಹೋಗಲ್ಲ? ಡಾಕ್ಟ್ರ ಹತ್ರ ಯಾಕ್ ಕರ್ಕೊಂಡೋಗಲ್ಲ? ಯೋಚ್ನೆ ಮಾಡು. ಡಾಕ್ಟ್ರಿಗೆ ಬಾಯಿ ಐತೆ."

ಗೋಪಾಲಮ್ಮ ಯೋಚನೆ ಮಾಡಿದಳು. ದಿನಾ ಅದನ್ನೇ ಮಾಡಿದಳು. ಯೋಚನೆ ಮಾಡುತ್ತಲೇ ಎಣ್ಣೆ ಕಡೆದಳು, ಬಂದವರಿಗೆ ತುಂಬಿಸಿ ಕೊಟ್ಟಳು. ಸಂಕ್ರಾಂತಿಯ ಹೊತ್ತಿಗೆ ನಂದಕುಮಾರ್ ಮತ್ತೊಮ್ಮೆ ಬಂದ. ತೊಡೆ, ಒಂದು ಅಂಗೈ. ಎಳ್ಳು ಬೆಲ್ಲ ತಂದಿದ್ದ. ಅವಳು ಕೊಟ್ಟಳು.

ಏಪ್ರಿಲ್‌ನಲ್ಲಿ ಬಂದಾಗ ಅವನ ಕೈಯಲ್ಲಿ ಬಾಟಲಿ ಇರಲಿಲ್ಲ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬ ಇತ್ತು, ಮನೆಗಳಲ್ಲಿ ಇಡ್ಲಿ ಹಿಟ್ಟು ಹಾಕಿಡುವಂಥದ್ದು. ಹಣ್ಣು ತಂದಿರಲಿಲ್ಲ. ಹೊಸಿಲ ಹೊರಗೇ ನಿಂತ.

"ಅತ್ತೆ, ಬೇಗ. ಡಬ್ಬ ತುಂಬ ಹಾಕಿ."

"ಎಲ್ಲಿ?"

"ಹೊಟ್ಟೆ. ಕಾಲು. ಹಾಕಿ ಅತ್ತೆ."

"ಎಷ್ಟು ಅಂಗೈ?"

ಅವನು ಡಬ್ಬವನ್ನು ಮುಂದೆ ಹಿಡಿದ. "ಲೆಕ್ಕ ಹಾಕಿಲ್ಲ" ಎಂದ.

ಗೋಪಾಲಮ್ಮ ಡಬ್ಬವನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಎಂಗೆ ಸುಟ್ಟಿತು?"

ಇಷ್ಟು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಹೊರಗೆ ಬಂದಿರಲಿಲ್ಲ. ಜೋರಾಗಿಯೂ ಬರಲಿಲ್ಲ. ನಂದಕುಮಾರ್ ಅವಳನ್ನು ನೋಡಿದ. ಅವನಿಗೆ ಕೋಪ ಬಂದ ಹಾಗೆ ಕಾಣಲಿಲ್ಲ. ಅಂಗಡಿಯಲ್ಲಿ ಹಳೆಯ ಗಿರಾಕಿಗೆ ಹೊಸ ರೇಟು ಹೇಳಿದಾಗ ಆಗುವಷ್ಟು ಬೇಜಾರಾಯಿತು.

"ನೀವು ಕೇಳ್ಬಾರ್ದಲ್ವಾ ಅತ್ತೆ?"

"ಕೇಳ್ತಾ ಇದೀನಿ. ಯಾರಿಗೆ ಸುಟ್ಟಿರೋದು? ಎಂಗೆ ಸುಟ್ಟಿತು?"

"ಕೇಳಿದ್ರೆ ಔಷಧಿ ಕೆಲ್ಸ ಮಾಡಲ್ಲ ಅಂತ ನೀವೇ ಹೇಳ್ತೀರಿ. ಈಗ ಕೆಲ್ಸ ಮಾಡಲಿಲ್ಲ ಅಂದ್ರೆ ಅದು ಯಾರ ತಪ್ಪು? ನಂದಾ?"

ಗೋಪಾಲಮ್ಮ ಒಳಗೆ ಹೋಗಿ ಬೆಳಿಗ್ಗೆ ಕಡೆದಿಟ್ಟಿದ್ದ ಮಡಕೆಯ ಬಟ್ಟೆ ತೆಗೆದಳು. ಎಣ್ಣೆ ಒಡೆದಿತ್ತು. ಮೇಲೆ ಹಳದಿ ಎಣ್ಣೆ, ಕೆಳಗೆ ನೀರು, ನಡುವೆ ಹಾಲು ಒಡೆದ ಹಾಗೆ ಬಿಳಿ ಚೂರುಗಳು ತೇಲುತ್ತಿದ್ದವು. ಏಪ್ರಿಲ್ ಬಿಸಿಲು, ಶೀಟಿನ ಮನೆ, ಅದು ಅವನು ಬರುವ ಮುಂಚೆಯೇ ಒಡೆದದ್ದು. ಗೋಪಾಲಮ್ಮನಿಗೆ ಅದು ತಾನು ಬಾಯಿ ತೆರೆದ ಗಳಿಗೆಯಲ್ಲಿ ಒಡೆದಂತೆ ಕಂಡಿತು. ಮಡಕೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ಎದ್ದು ಬಂದು, "ಒಡ್ದೋಗಿದೆ" ಎಂದಳು.

"ನೋಡಿದ್ರಾ" ಎಂದ ನಂದಕುಮಾರ್. ಖಾಲಿ ಡಬ್ಬವನ್ನು ಸ್ಕೂಟರಿನ ಹುಕ್ಕಿಗೆ ನೇತುಹಾಕಿಕೊಂಡು ಹೋದ.

ಬೇರೆ ದಾರಿ ಇಲ್ಲದೆ ಅವನೇ ಶಶಿರೇಖಾಳನ್ನು ಆಸ್ಪತ್ರೆಗೆ ಸೇರಿಸಿದ. ಮಧ್ಯಾಹ್ನ ಫೋನ್ ಬಂತು. ಗೋಪಾಲಮ್ಮ ಮತ್ತು ಬ್ಯಾಟರಾಯಪ್ಪ ಹೋದಾಗ ಶಶಿರೇಖಾ ಹಸಿರು ಪರದೆಯ ಹಿಂದೆ ಮಲಗಿದ್ದಳು, ಸೊಂಟದಿಂದ ಕೆಳಕ್ಕೆ ಬಟ್ಟೆ ತಾಗದ ಹಾಗೆ ಒಂದು ಕಬ್ಬಿಣದ ಚೌಕಟ್ಟು ಇಟ್ಟು ಅದರ ಮೇಲೆ ಹೊದಿಸಿದ್ದರು. ಬ್ಯಾಟರಾಯಪ್ಪ ಒಮ್ಮೆ ಇಣುಕಿ ಹೊರಗೆ ಹೋದ. ಯೂನಿಫಾರ್ಮಿನಲ್ಲೇ ಬಂದಿದ್ದವನನ್ನು ಆಸ್ಪತ್ರೆಯ ಸೆಕ್ಯುರಿಟಿ ಎಂದುಕೊಂಡು ಯಾರೋ ಎಕ್ಸ್‌ರೇ ರೂಮ್ ಎಲ್ಲಿ ಎಂದು ಕೇಳಿದರು. ಅವನು ಕೈ ತೋರಿಸಿದ. ಎತ್ತ ತೋರಿಸಿದ ಎಂದು ಅವನಿಗೇ ತಿಳಿಯಲಿಲ್ಲ.

ಒಳಗೆ ಎಲ್ಲರೂ ಕೇಳುತ್ತಿದ್ದರು. ನರ್ಸ್ ಕೇಳಿದಳು, ಡ್ಯೂಟಿಯ ಡಾಕ್ಟರ್ ಹುಡುಗಿ ಕೇಳಿದಳು, ಠಾಣೆಯಿಂದ ಬಂದ ಹೆಡ್ ಕಾನ್‌ಸ್ಟೆಬಲ್ ಕೇಳಿದ. ಹೇಗಮ್ಮಾ ಸುಟ್ಟಿತು? ಶಶಿರೇಖಾ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು.

"ಹಾಲು ಇಳಿಸ್ತಿದ್ದೆ. ಇಕ್ಕಳ ಜಾರ್ತು."

ನಂದಕುಮಾರ್ ಪರದೆಯ ಆಚೆ ಗೋಡೆಗೆ ಒರಗಿ ನಿಂತಿದ್ದ.

"ಮುಂಚೆ ಯಾವತ್ತಾದ್ರೂ ಸುಟ್ಟಿತ್ತಾ?" ಎಂದಳು ಡಾಕ್ಟರ್.

"ಇಲ್ಲ."

ಡಾಕ್ಟರ್ ನಂಬಲಿಲ್ಲ. ಸುಲಭಕ್ಕೆ ನಂಬುವವಳಲ್ಲ ಎನ್ನುವುದು ಮುಖದಲ್ಲೇ ಗೊತ್ತಾಗುತ್ತಿತ್ತು. ಅವಳು ಶಶಿರೇಖಾಳ ಎರಡೂ ತೋಳನ್ನು ದೀಪದ ಕೆಳಗೆ ತಿರುಗಿಸಿ ನೋಡಿದಳು. ಮೊಣಕೈಯ ಮೇಲೆ ಬೆರಳಾಡಿಸಿದಳು. ನರ್ಸ್ ಸಹಾಯದಿಂದ ಮಗ್ಗುಲಾಗಿಸಿ ಬೆನ್ನು ನೋಡಿದಳು. ಬೆನ್ನು ನುಣ್ಣಗಿತ್ತು. ಒಂದು ಕಡೆ ಬಣ್ಣ ತುಸು ತಿಳಿಯಾಗಿತ್ತೋ ಏನೋ, ದೀಪದ ಬೆಳಕಿನಲ್ಲಿ ಅದನ್ನು ಗಾಯದ ಗುರುತು ಎಂದು ಯಾರೂ ಬರೆಯಲಾರರು.

"ಹಳೇ ಕಲೆ ಏನೂ ಇಲ್ಲ" ಎಂದಳು ಡಾಕ್ಟರ್. ಕಾನ್‌ಸ್ಟೆಬಲ್ ಬರೆದುಕೊಂಡ.

"ಐತೆ" ಎಂದಳು ಗೋಪಾಲಮ್ಮ. "ಇದು ಮೊದಲ್ನೇದಲ್ಲ. ಕೈ ಸುಟ್ಟಿತ್ತು. ಬೆನ್ನು ಸುಟ್ಟಿತ್ತು, ಒಂದೂವರೆ ಅಂಗೈ. ತೊಡೆ ಸುಟ್ಟಿತ್ತು. ನಾನೇ ಎಣ್ಣೆ ಕೊಟ್ಟಿದ್ದು."

ಕಾನ್‌ಸ್ಟೆಬಲ್ ಪೆನ್ನು ನಿಲ್ಲಿಸಿದ. ವಯಸ್ಸಾದವನು, ಕೆಟ್ಟವನಲ್ಲ.

"ನೀವು ಗಾಯ ನೋಡಿದ್ರಾ ಅಮ್ಮ?"

"ಇಲ್ಲ."

"ಮಗಳು ಹೇಳಿದ್ರಾ ನಿಮ್ಗೆ?"

"ಇಲ್ಲ."

"ಮತ್ತೆ ಅಳಿಯ? ಹೆಂಡ್ತಿಗೆ ಅಂತ ಹೇಳಿ ತಗೊಂಡ್ರಾ?"

"ಹೆಂಗಸ್ರಿಗೆ ಅಂದ್ರು."

"ಯಾವ ಹೆಂಗಸು ಅಂತ ಕೇಳಿದ್ರಾ?"

ಗೋಪಾಲಮ್ಮ ಮಗಳ ಕಡೆ ತಿರುಗಿದಳು.

"ಕೇಳಲಿಲ್ವಾ?" ಎಂದ ಅವನು, ನಿಜವಾಗಿಯೂ ಆಶ್ಚರ್ಯದಿಂದ. "ನೀವೇ ಕೇಳಲಿಲ್ಲ ಅಂದ್ರೆ ನಾನು ಏನಂತ ಬರ್ಕೊಳ್ಲಿ?"

ಪರದೆಯಾಚೆಯಿಂದ ನಂದಕುಮಾರ್, "ಸಾರ್, ಅವ್ರಿಗೆ ಗಾಬರಿ ಆಗಿದೆ ಪಾಪ, ಕುಡಿಯಕ್ಕೆ ನೀರು ತರ್ಲಾ?" ಎಂದ.

ಅವನು ನೀರು ತರಲು ಹೋದಾಗ, ಡಾಕ್ಟರ್ ಮತ್ತು ಕಾನ್‌ಸ್ಟೆಬಲ್ ಇಬ್ಬರೂ ಹೊರಗೆ ಮಾತಾಡುತ್ತ ನಿಂತಾಗ, ತಾಯಿ ಮಗಳು ಇಬ್ಬರೇ ಉಳಿದರು. ಗೋಪಾಲಮ್ಮ ಮಂಚದ ತಲೆಯ ಕಡೆ ಬಗ್ಗಿದಳು.

"ಶಶಿ, ಎಂಗೆ ಸುಟ್ಟಿತು ಹೇಳು. ನಂಗೆ ಹೇಳು."

ಶಶಿರೇಖಾ ಕಣ್ಣು ತೆರೆದಳು. ಔಷಧಿಯ ಮಂಪರು ಇತ್ತು, ಮಾತು ನಿಧಾನವಾಗಿತ್ತು, ಆದರೆ ತೊದಲಲಿಲ್ಲ.

"ಇಲ್ಲಿಗೆ ಬಂದಾಗ್ಲಿಂದ ಎಲ್ಲಾರೂ ಕೇಳಿದ್ರು. ನೀನೇ ಕೊನೆ."

"ನಿನ್ ಗಾಯ ಕೆಡ್ಬಾರ್ದು ಅಂತ ಕೇಳಲಿಲ್ಲ ಕಣೇ."

"ಮೊದಲ್ನೇ ಸಲ ಅವ್ರು ಮೆಡಿಕಲ್ ಸ್ಟೋರಿಂದ ಟ್ಯೂಬ್ ತಂದಿದ್ರು. ನಾನೇ ಬೇಡ ಅಂದೆ. ನಮ್ಮಮ್ಮನ ಎಣ್ಣೇನೇ ಬೇಕು, ನೀವೇ ಹೋಗಿ ತನ್ನಿ ಅಂದೆ. ಅಳಿಯ ಬಾಟ್ಲಿ ಹಿಡ್ಕೊಂಡು ಬಂದು ನಿಂತ್ರೆ ಅಮ್ಮ ಕೇಳ್ದೆ ಇರ್ತಾಳಾ ಅಂದ್ಕೊಂಡೆ." ಅವಳು ಉಸಿರು ತೆಗೆದುಕೊಂಡಳು. "ನೀನು ಕೇಳದೆ ಕೊಟ್ಟು ಕಳಿಸ್ದೆ. ಅವ್ರಿಗೆ ಅದು ಅನುಕೂಲ ಆಯ್ತು."

ಗೋಪಾಲಮ್ಮ ಮಗಳ ಹಣೆಯ ಮೇಲಿನ ಕೂದಲು ಸರಿಸಿದಳು.

"ಮನೆಗೆ ಬಂದ್ಬಿಡು" ಎಂದಳು. "ಇಲ್ಲಿಂದ ಸೀದಾ ನಮ್ಮನೆಗೆ ಹೋಗಾಣ."

"ಶರ್ವಾಣಿ ಅಲ್ಲಿದಾಳೆ. ನಮ್ಮತ್ತೆ ಹತ್ರ."

"ಕರ್ಕೊಂಡ್ ಬರಾಣ."

"ಯಾರು? ಅಪ್ಪನಾ?" ಎಂದಳು ಶಶಿರೇಖಾ. ಪರದೆಯ ಕೆಳಗಿನಿಂದ ಹೊರಗೆ ನಿಂತ ಬ್ಯಾಟರಾಯಪ್ಪನ ಪಾಲಿಶ್ ಮಾಡಿದ ಕರಿ ಶೂ ಕಾಣುತ್ತಿತ್ತು. ಅಲ್ಲೇ ಇತ್ತು, ಒಳಗೆ ಬರಲಿಲ್ಲ. ಅವಳು ಮತ್ತೆ ಕಣ್ಣು ಮುಚ್ಚಿದಳು. "ಹಾಲು ಅಂತ ಬರ್ಕೊಂಡಾಯ್ತಲ್ಲ. ಹೋಗ್ಲಿ ಬಿಡು."

ನಂದಕುಮಾರ್ ನೀರಿನ ಬಾಟಲಿ ತಂದು ಅತ್ತೆಯ ಕೈಗೆ ಕೊಟ್ಟ. ಮುಚ್ಚಳ ತೆಗೆದೇ ಕೊಟ್ಟ.

ಗಾಯ ಒಣಗುವ ಮೊದಲೇ ಅವನು ಅವಳನ್ನು ಡಿಸ್ಚಾರ್ಜ್ ಮಾಡಿಸಿಕೊಂಡು ರಾಜಾನುಕುಂಟೆಗೆ ಕರೆದುಕೊಂಡು ಹೋದ. ಗೋಪಾಲಮ್ಮ ನೋಡಲು ಹೋದಾಗ ಗೇಟಿಗೆ ಒಳಗಿನಿಂದ ಬೀಗ ಹಾಕಿತ್ತು. ಸುಬ್ಬಲಕ್ಷ್ಮಮ್ಮ ಮಹಡಿಯ ಮೇಲಿಂದ, "ಪೊಲೀಸ್ನೋರ ಮುಂದೆ ಮಾನ ಕಳ್ದೋರಿಗೆ ಈ ಮನೇಲಿ ಏನ್ ಕೆಲ್ಸ?" ಎಂದು ಅಕ್ಕಪಕ್ಕದವರಿಗೂ ಕೇಳುವ ಹಾಗೆ ಹೇಳಿದಳು. ಶಶಿರೇಖಾಳ ಫೋನು ಸ್ವಿಚ್ ಆಫ್ ಆಗಿತ್ತು, ಆಮೇಲೆ ಆ ನಂಬರೇ ಇಲ್ಲ ಎಂದು ಹೇಳತೊಡಗಿತು. ಜೈಬುನ್ನೀಸಾ ಒಂದು ಭಾನುವಾರ ಗೋಪಾಲಮ್ಮನನ್ನು ಠಾಣೆಗೆ ಕರೆದುಕೊಂಡು ಹೋದಳು. ಅಲ್ಲಿ ಮಗಳೇ ಬಂದು ಬರೆದುಕೊಡಬೇಕು ಎಂದರು. ಜೈಬುನ್ನೀಸಾ ಜಗಳ ಮಾಡಿದಳು. ಜಗಳ ಮಾಡಿ ಬಂದರು, ಅಷ್ಟೇ.

ಬ್ಯಾಟರಾಯಪ್ಪನ ಕೆಲಸ ಹೋಗಲಿಲ್ಲ. ನಂದಕುಮಾರ್ ಅದನ್ನು ತೆಗೆಸಲಿಲ್ಲ. ದಿನಾ ಬೆಳಿಗ್ಗೆ ಅಳಿಯನ ಟ್ಯಾಂಕರ್ ಬಂದು ಹಾರ್ನ್ ಹೊಡೆದಾಗ ಬ್ಯಾಟರಾಯಪ್ಪ ಗೇಟು ತೆಗೆಯುತ್ತಿದ್ದ. ಡ್ರೈವರ್ ಬಿಹಾರದ ಕಡೆಯವನು. "ನಮ್ ಹುಡುಗಿ ಎಂಗವಳಪ್ಪಾ, ನೋಡಿದ್ಯಾ?" ಎಂದು ಅವನನ್ನು ಕೇಳುತ್ತಿದ್ದ. ಅವನಿಗೆ ಅರ್ಥವಾಗುತ್ತಿರಲಿಲ್ಲ, ನಗುತ್ತಿದ್ದ.

ಆಮೇಲೆ ಎಣ್ಣೆಗೆ ಬಂದವರನ್ನೆಲ್ಲ ಗೋಪಾಲಮ್ಮ ಕೇಳತೊಡಗಿದಳು. ಎಂಗೆ ಸುಟ್ಟಿತು? ಯಾರು ಸುಟ್ಟಿದ್ದು? ಬೋಂಡ ಗಾಡಿಯವನು ನಕ್ಕು ಹೇಳಿದ. ಇನ್ನು ಕೆಲವರು, ಅವಳು ಕೇಳಲೇಬೇಕಾಗಿದ್ದವರು, ಉತ್ತರ ಕೊಡಲಿಲ್ಲ. ಅಪಾರ್ಟ್‌ಮೆಂಟಿನ ಕಡೆಯಿಂದ ಬಂದ ಒಬ್ಬ ಹುಡುಗಿ ಕೆನ್ನೆ ಮುಚ್ಚಿಕೊಂಡಿದ್ದ ದುಪಟ್ಟಾವನ್ನು ಇನ್ನಷ್ಟು ಎಳೆದುಕೊಂಡು, "ಬೇಡ ಬಿಡಿ ಆಂಟಿ" ಎಂದು ಎದ್ದು ಹೋದಳು. ಅವಳ ಹಿಂದೆ ಬೀದಿಯ ತಿರುವಿನವರೆಗೂ ಗೋಪಾಲಮ್ಮ ಹೋದಳು. ಹುಡುಗಿ ಓಡಿದಳು. ಗೋಪಾಲಮ್ಮನಿಗೆ ತಲೆ ಕೆಟ್ಟಿದೆ, ಪೊಲೀಸರಿಗೆ ಹೇಳುತ್ತಾಳೆ ಎಂದು ಸುದ್ದಿಯಾಯಿತು. ಮಳೆಗಾಲ ಬರುತ್ತ ಬರುತ್ತ ಜನ ಬರುವುದು ನಿಂತಿತು. ಜಕ್ಕೂರಿನ ಕಡೆ ಇನ್ನೊಬ್ಬಳು ಯಾರೋ ಇಂಥದ್ದೇ ಎಣ್ಣೆ ಕೊಡುತ್ತಾಳಂತೆ ಎಂದು ಜೈಬುನ್ನೀಸಾ ಹೇಳಿದಳು. ಅವಳು ಏನೂ ಕೇಳುವುದಿಲ್ಲವಂತೆ.

ನಂದಕುಮಾರ್‌ ಬರುವುದೂ ನಿಂತಿತ್ತು. ಬೇಕಾಗಿಲ್ಲದ್ದಕ್ಕೆ ಬರುತ್ತಿಲ್ಲವೋ, ಜಕ್ಕೂರಿಗೆ ಹೋಗುತ್ತಿದ್ದಾನೋ ತಿಳಿಯುವ ದಾರಿ ಇರಲಿಲ್ಲ. ಮುಂಚೆ ಅಷ್ಟಾದರೂ ಗೊತ್ತಾಗುತ್ತಿತ್ತು. ಕೈ, ಅರ್ಧ ಅಂಗೈ. ಬೆನ್ನು, ಒಂದೂವರೆ. ಬಾಟಲಿ ಹಿಡಿದುಕೊಂಡು ಬಂದಿದ್ದಾನೆ ಎಂದರೆ ಶಶಿ ಬದುಕಿದ್ದಾಳೆ ಎಂದರ್ಥವಿತ್ತು.

ಗೋಪಾಲಮ್ಮ ಈಗಲೂ ಎಣ್ಣೆ ಕಡೆಯುತ್ತಾಳೆ. ಒಂದೇ ಡಬ್ಬದಷ್ಟು. ನೀರಿನ ಬಿಂದಿಗೆಯ ಪಕ್ಕ ತಣ್ಣಗೆ ಇಡುತ್ತಾಳೆ, ಒಡೆದರೆ ಚೆಲ್ಲಿ ಬೇರೆ ಮಾಡುತ್ತಾಳೆ. ಉದ್ದದ ಪುಕ್ಕಗಳನ್ನು ತೊಳೆದು ಒಣಗಿಸಿ ಕಾಗದದಲ್ಲಿ ಸುತ್ತಿಟ್ಟಿದ್ದಾಳೆ. ಬೀದಿಯಲ್ಲಿ ಸ್ಕೂಟರ್ ಸದ್ದಾದರೆ ಬಾಗಿಲಿಗೆ ಬರುತ್ತಾಳೆ.

ಒಂದು ದಿನ ಜೈಬುನ್ನೀಸಾ ನೋಡಿ, "ಯಾರಿಗಕ್ಕ ಇದು?" ಎಂದಳು.

"ಅವ್ನು ಬಂದ್ರೆ ಇರ್ಲಿ ಅಂತ."

"ಬಂದ್ರೆ? ಬಂದ್ರೆ ಏನ್ ಮಾಡ್ತೀಯ?"

ಗೋಪಾಲಮ್ಮ ಕಡಗೋಲು ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ಎಷ್ಟು ಅಂಗೈ ಅಂತ ಕೇಳ್ತೀನಿ" ಎಂದಳು. "ಅಷ್ಟೇ ಕೇಳ್ತೀನಿ. ಬೇರೆ ಏನೂ ಕೇಳಲ್ಲ."